ಪಪ್ಪಾಯಿ ತೋಟ ಉಳಿಸಿದ ಬೀಜ: ಹವಾಯಿಯ ಸಣ್ಣ ಬೆಳೆಗಾರರಿಂದ ನಮಗೇನು ಪಾಠ?

ಮೊನ್ನೆ ಅಡಿಕೆ ತೂಕ ಮಾಡಿಸಲು ಸಂಘದ ಕಛೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಚೀಟಿಯನ್ನು ಜೇಬಿಗೆ ಸೇರಿಸುತ್ತ ಒಂದು ಮಾತು ಕೇಳಿದರು. “ಹಳದಿ ಎಲೆ ರೋಗ ಬಾರದ ಹಾಗೆ ಜೀನ್ ಬದಲಾಯಿಸಿದ ಅಡಿಕೆ ಸಸಿ ಬಂದಿದೆಯಂತೆ. ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೋ ಮಾರಾಯ್ರೆ?”

ಅವರದು ಎರಡು ಎಕರೆ ತೋಟ. ಅದರಲ್ಲಿ ಅರ್ಧದಷ್ಟು ಮರಗಳ ಸೋಗೆ ಹಳದಿಯಾಗಿ, ತಲೆ ಸಣ್ಣದಾಗಿ, ಗೊನೆಯೇ ಇಲ್ಲದ ಸ್ಥಿತಿಗೆ ಬಂದಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಹಾಗೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಕೊಟ್ಟ ಉತ್ತರ ಒಂದೇ: “ಕೊಡಬೇಡಿ. ಅಂಥ ಸಸಿ ಇವತ್ತಿಗೆ ಎಲ್ಲಿಯೂ ಇಲ್ಲ.”

ಇಷ್ಟಕ್ಕೇ ಮಾತು ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಅವರೊಬ್ಬರದಲ್ಲ. ಕುಲಾಂತರಿ ಬೆಳೆ, ಜೀನ್ ತಿದ್ದಿದ ಬೆಳೆ ಎಂಬ ಮಾತುಗಳು ಈಗ ಪತ್ರಿಕೆಯಲ್ಲಿ, ಸಭೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಸಹ ಕೇಳಿಬರುತ್ತಿವೆ. ಒಬ್ಬರು ಇದು ಅಮೃತ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ. ನಮ್ಮಂಥ ತೋಟಗಾರರಿಗೆ ಬೇಕಾದ್ದು ಇವೆರಡೂ ಅಲ್ಲ. ಏನು ನಡೆದಿದೆ, ಯಾರಿಗೆ ಉಪಯೋಗವಾಯಿತು, ಯಾರಿಗೆ ತೊಂದರೆಯಾಯಿತು ಎಂಬ ತಿಳಿವಳಿಕೆ. ಅದಕ್ಕಾಗಿ ನಮ್ಮ ಹಾಗೆಯೇ ಸಣ್ಣ ಹಿಡುವಳಿಯ, ನಮ್ಮ ಹಾಗೆಯೇ ರೋಗದಿಂದ ತೋಟ ಕಳೆದುಕೊಂಡ ಒಂದು ದ್ವೀಪದ ಬೆಳೆಗಾರರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಕಾಫಿ ಗಿಡವನ್ನೇ ನೋಡಿ

ಒಂದು ಜಾತಿಯ ಗುಣ ಇನ್ನೊಂದು ಜಾತಿಗೆ ಬರುವುದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಹೊಸ ಸಂಗತಿಯಲ್ಲ. ನಾವು ಬೆಳೆಯುವ ಅರೇಬಿಕಾ ಕಾಫಿಯೇ ಎರಡು ಬೇರೆ ಬೇರೆ ಜಾತಿಗಳ ಸಂತಾನ. ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ಕಾಡಿನಲ್ಲಿ ರೋಬಸ್ಟಾ ಜಾತಿಯೂ ಯೂಜೆನಿಯಾಯ್ಡಿಸ್ ಎಂಬ ಜಾತಿಯೂ ತಾವಾಗಿಯೇ ಕೂಡಿ ಅರೇಬಿಕಾ ಹುಟ್ಟಿತು.

1869ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಅಲ್ಲಿಯ ಕಾಫಿ ತೋಟಗಳನ್ನೇ ನಿರ್ನಾಮ ಮಾಡಿದ್ದು ಹಿರಿಯ ತೋಟಗಾರರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮಲ್ಲಿಯೂ ಆ ರೋಗ ಬಂತು. 1911ರಲ್ಲಿ ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯ ತೋಟವೊಂದರಲ್ಲಿ ತುಕ್ಕು ಹಿಡಿಯದ ಗಿಡವನ್ನು ಗುರುತಿಸಿದರು. ಅದೇ ಕೆಂಟ್ಸ್ ತಳಿ. ಕೆಲವು ವರ್ಷ ಅದು ತೋಟಗಳನ್ನು ಕಾಪಾಡಿತು. ಆಮೇಲೆ ತುಕ್ಕಿನ ಹೊಸ ಬಗೆ ಹುಟ್ಟಿ ಕೆಂಟ್ಸನ್ನೂ ಹಿಡಿಯಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಎಸ್. 288 ಎಂಬ ಗಿಡವನ್ನು ಕೆಂಟ್ಸ್ ಜೊತೆ ಸಂಕರ ಮಾಡಿ 1940ರ ದಶಕದಲ್ಲಿ ಎಸ್. 795 ತಳಿಯನ್ನು ಕೊಟ್ಟರು. ಈ ಎಸ್. 288ರ ಮೂಲದಲ್ಲಿ ಅರೇಬಿಕಾದ ಜೊತೆ ಲೈಬೀರಿಕಾ ಎಂಬ ಬೇರೆ ಜಾತಿಯ ರಕ್ತವಿದೆ. ಅಂದರೆ ನಮ್ಮ ಎಷ್ಟೋ ತೋಟಗಳಲ್ಲಿ ಇಂದಿಗೂ ನಿಂತಿರುವ ಎಸ್. 795, ಪರಜಾತಿಯಿಂದ ಬಂದ ರೋಗನಿರೋಧಕ ಗುಣವನ್ನು ಹೊತ್ತುಕೊಂಡೇ ಬಂದದ್ದು.

ಹಾಗೆಯೇ 1985ರಲ್ಲಿ ಬಂದ ಕಾವೇರಿ ತಳಿಯ ಮೂಲದಲ್ಲಿ ಟಿಮೋರ್ ದ್ವೀಪದಲ್ಲಿ ಸಿಕ್ಕ ಅರೇಬಿಕಾ–ರೋಬಸ್ಟಾ ಸಂಕರವಿದೆ. ಅದನ್ನೂ ಕೆಲವೇ ವರ್ಷಗಳಲ್ಲಿ ತುಕ್ಕು ಮುಟ್ಟಿತು. ಇದನ್ನೆಲ್ಲ ಏಕೆ ನೆನಪಿಸುತ್ತೇವೆಂದರೆ, ಎರಡು ವಿಷಯಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ. ಒಂದು, ಬೇರೆ ಜಾತಿಯ ಗುಣ ಬಂದ ಮಾತ್ರಕ್ಕೆ ಗಿಡ ಕೆಟ್ಟದ್ದಲ್ಲ. ಎರಡು, ಯಾವ ನಿರೋಧಕ ಶಕ್ತಿಯೂ ಶಾಶ್ವತವಲ್ಲ.

ಕುಲಾಂತರಿ ಬೇರೆ, ತಿದ್ದುವುದು ಬೇರೆ

ಗಿಡದ ಪ್ರತಿಯೊಂದು ಜೀವಕೋಶದಲ್ಲೂ ಅದರ ಗುಣಗಳ ಬರಹವಿದೆ. ಸಂಘದ ಲೆಕ್ಕದ ಪುಸ್ತಕವೆಂದೇ ತಿಳಿಯಿರಿ. ಒಂದೊಂದು ಬಾಬ್ತು ಒಂದೊಂದು ವಂಶವಾಹಿ, ಅಂದರೆ ಜೀನ್. ಹಿಂದಿನಿಂದ ಬಂದ ಸಂಕರ ವಿಧಾನದಲ್ಲಿ ಎರಡು ಪುಸ್ತಕಗಳ ಹಾಳೆಗಳನ್ನೆಲ್ಲ ಬೆರೆಸಿ ಹೊಸ ಪುಸ್ತಕ ಹೊಲಿದ ಹಾಗೆ. ಬೇಕಾದ್ದೂ ಬರುತ್ತದೆ, ಬೇಡವಾದದ್ದೂ ಬರುತ್ತದೆ. ಬೇಡದ್ದನ್ನು ಕಳೆಯಲು ಹಲವು ತಲೆಮಾರು ಆರಿಸುತ್ತ ಹೋಗಬೇಕು. ಕಾಫಿಯಲ್ಲಿ ಇದಕ್ಕೆ ಇಪ್ಪತ್ತು–ಮೂವತ್ತು ವರ್ಷ ಹಿಡಿಯುವುದುಂಟು.

ಕುಲಾಂತರಿ ವಿಧಾನದಲ್ಲಿ ಬೇರೆ ಯಾವುದೋ ಜೀವಿಯ ಪುಸ್ತಕದಿಂದ ಒಂದೇ ಹಾಳೆಯನ್ನು ಕಿತ್ತು ತಂದು ನಮ್ಮ ಪುಸ್ತಕಕ್ಕೆ ಅಂಟಿಸುತ್ತಾರೆ. ಆ ಜೀವಿ ಗಿಡವೇ ಆಗಬೇಕೆಂದಿಲ್ಲ. ಬಿಟಿ ಹತ್ತಿಗೆ ಬಂದ ಹಾಳೆ ಮಣ್ಣಿನ ಬ್ಯಾಕ್ಟೀರಿಯದ್ದು.

ಜೀನ್ ತಿದ್ದುವ ವಿಧಾನದಲ್ಲಿ ಹೊರಗಿನ ಹಾಳೆಯನ್ನು ಸೇರಿಸಲೇಬೇಕೆಂದಿಲ್ಲ. ಇರುವ ಪುಸ್ತಕದಲ್ಲೇ ಗೊತ್ತಾದ ಒಂದು ಸಾಲಿಗೆ ಹೋಗಿ, ಒಂದು ಅಂಕಿಯನ್ನು ಹೊಡೆದುಹಾಕುವುದು ಅಥವಾ ಬದಲಿಸುವುದು. ಇದಕ್ಕೆ ಬಳಸುವ ‘ಕ್ರಿಸ್ಪರ್’ ಎಂಬ ಸೂಕ್ಷ್ಮ ಕತ್ತರಿಯನ್ನು 2012ರಲ್ಲಿ ರೂಪಿಸಿದ ಇಮ್ಯಾನ್ಯುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನ ಎಂಬ ಇಬ್ಬರು ವಿಜ್ಞಾನಿ ಮಹಿಳೆಯರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು.

ಪುನಾದಲ್ಲಿ ಬಿದ್ದ ಬರಸಿಡಿಲು

ಈಗ ಕಥೆಗೆ ಬರೋಣ. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯ. ಅಲ್ಲಿ ಪಪ್ಪಾಯಿ ಮುಖ್ಯವಾದ ಹಣ್ಣಿನ ಬೆಳೆ. ನಮ್ಮಲ್ಲಿ ಬಾವಿಕಟ್ಟೆಯ ಹತ್ತಿರ ತಾನಾಗಿ ಹುಟ್ಟುವ ಬಪ್ಪಂಗಾಯಿ ಅಥವಾ ಪರಂಗಿ ಎಂದು ಹಗುರವಾಗಿ ನೋಡಬೇಡಿ. ಅಲ್ಲಿಯವರಿಗೆ ಅದು ನಮಗೆ ಅಡಿಕೆ ಇದ್ದ ಹಾಗೆ, ಜೀವನಾಧಾರ.

ಮೊದಲು ಪಪ್ಪಾಯಿ ತೋಟಗಳು ಓಆಹು ದ್ವೀಪದಲ್ಲಿದ್ದವು. 1940ರ ದಶಕದಲ್ಲಿ ಅಲ್ಲಿ ಉಂಗುರ ಚುಕ್ಕೆ ನಂಜುರೋಗ ಕಾಣಿಸಿತು. ಕಾಯಿಯ ಮೇಲೆ ಉಂಗುರದಂಥ ಗುರುತು, ದೇಟಿನ ಮೇಲೆ ಎಣ್ಣೆ ಸವರಿದಂಥ ಗೆರೆ, ಎಲೆ ಹಳದಿ ತಿರುಗಿ ಸೊಟ್ಟಗಾಗುವುದು, ಹಣ್ಣಿಗೆ ಸಿಹಿ ಇಲ್ಲ. ಎಳೆ ಗಿಡಕ್ಕೆ ತಗಲಿದರೆ ಅದು ಫಲ ಕೊಡುವುದೇ ಇಲ್ಲ. ರೋಗವನ್ನು ಹರಡುವುದು ಸಸ್ಯಹೇನು. ನಮ್ಮ ಏಲಕ್ಕಿಯ ಕಟ್ಟೆ ರೋಗವನ್ನು ಕಂಡವರಿಗೆ ಇದರ ಸ್ವಭಾವ ಹೊಸದಲ್ಲ. ಹೇನಿಗೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಅದು ಸಾಯುವ ಮೊದಲೇ ಒಂದು ಗಿಡವನ್ನು ಚುಚ್ಚಿ ಇನ್ನೊಂದಕ್ಕೆ ಹಾರಿರುತ್ತದೆ.

ಬೆಳೆಗಾರರು ಓಆಹುವನ್ನು ಬಿಟ್ಟು ದೊಡ್ಡ ದ್ವೀಪದ ಪುನಾ ಎಂಬ ಸೀಮೆಗೆ ಹೋದರು. ಜ್ವಾಲಾಮುಖಿಯ ಲಾವಾ ಆರಿ ಕಲ್ಲಾದ ನೆಲ, ಧಾರಾಳ ಮಳೆ. ಅಲ್ಲಿ ಗುತ್ತಿಗೆ ಭೂಮಿ ಹಿಡಿದು ಪಪ್ಪಾಯಿ ಹಾಕಿದವರಲ್ಲಿ ಫಿಲಿಪೈನ್ಸಿನಿಂದ ಕೂಲಿಗೆ ವಲಸೆ ಬಂದ ಕುಟುಂಬಗಳವರೇ ಹೆಚ್ಚು. ಆ ನೆಲಕ್ಕೆ ಒಗ್ಗಿದ ಕಪೋಹೊ ಎಂಬ ಹಳದಿ ತಿರುಳಿನ ತಳಿ ಅವರ ಕೈಹಿಡಿಯಿತು. 1992ರ ಹೊತ್ತಿಗೆ ಹವಾಯಿಯ ಪಪ್ಪಾಯಿಯಲ್ಲಿ ನೂರಕ್ಕೆ 95 ಪಾಲು ಪುನಾ ಒಂದರಿಂದಲೇ ಬರುತ್ತಿತ್ತು. ಆದರೆ ಸುಮಾರು 30 ಕಿಲೋಮೀಟರು ದೂರದ ಹಿಲೋ ಪಟ್ಟಣದ ಹಿತ್ತಿಲುಗಳವರೆಗೆ ರೋಗ ಬಂದು ಕುಳಿತಿತ್ತು. ಅಲ್ಲಿ ರೋಗದ ಗಿಡ ಕಂಡಲ್ಲೆಲ್ಲ ಕಡಿಸುತ್ತ ಸರಕಾರದವರು ಹಲವು ವರ್ಷ ಕಾವಲು ಕಾದರು.

1992ರ ಮೇ ತಿಂಗಳಲ್ಲಿ ಕಾವಲು ಮುರಿಯಿತು. ಪುನಾದ ತೋಟದಲ್ಲೇ ರೋಗ ಕಾಣಿಸಿತು. ಗುರುತು ಹಾಕಿ ಸಾವಿರಾರು ಗಿಡ ಕಡಿದರೂ ನಿಲ್ಲಲಿಲ್ಲ. ಸೋತ ಬೆಳೆಗಾರರು ತೋಟ ಹಾಗೆಯೇ ಬಿಟ್ಟು ಹೋದರು. ಆ ಹಾಳು ಬಿದ್ದ ತೋಟಗಳೇ ಪಕ್ಕದವರ ತೋಟಕ್ಕೆ ರೋಗದ ಉಗ್ರಾಣವಾದವು. 1994ರ ಕೊನೆಯೊಳಗೆ ಸರಕಾರ ಕಡಿಸುವ ಕಾರ್ಯಕ್ರಮವನ್ನೇ ಕೈಬಿಟ್ಟಿತು. 1992ರಲ್ಲಿ 5 ಕೋಟಿ 30 ಲಕ್ಷ ಪೌಂಡು ಇದ್ದ ಪುನಾದ ಉತ್ಪತ್ತಿ 1998ರಲ್ಲಿ ಸುಮಾರು 2 ಕೋಟಿ 60 ಲಕ್ಷ ಪೌಂಡಿಗೆ ಇಳಿಯಿತು. ಆರು ವರ್ಷಗಳಲ್ಲಿ ಅರ್ಧಕ್ಕರ್ಧ.

ಬೆಂಕಿ ಬೀಳುವ ಮೊದಲೇ ತೋಡಿದ ಬಾವಿ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಫಲ ಎನ್ನುತ್ತಾರೆ. ಪುನಾದವರ ಪುಣ್ಯಕ್ಕೆ ಒಬ್ಬರು ಮೊದಲೇ ತೋಡತೊಡಗಿದ್ದರು. ಹವಾಯಿಯ ಕಬ್ಬಿನ ತೋಟದಲ್ಲೇ ಹುಟ್ಟಿ ಬೆಳೆದ ಡೆನ್ನಿಸ್ ಗೊನ್ಸಾಲ್ವಿಸ್ ಎಂಬ ಸಸ್ಯರೋಗ ತಜ್ಞರು ಆಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದರು. ರೋಗ ಇನ್ನೂ ಪುನಾಕ್ಕೆ ಬಂದಿರದಿದ್ದ 1980ರ ದಶಕದಲ್ಲೇ ಅವರೂ ಹವಾಯಿ ವಿಶ್ವವಿದ್ಯಾನಿಲಯದ ರಿಚರ್ಡ್ ಮ್ಯಾನ್ಸ್‌ಹಾರ್ಟ್, ಮೌರೀನ್ ಫಿಚ್ ಮೊದಲಾದವರೂ ಕೂಡಿ ಕೆಲಸ ಆರಂಭಿಸಿದರು.

ಮೊದಲು ಅವರು ನೋಡಿದ್ದು ಸಿಡುಬಿಗೆ ದಾಕು ಹಾಕುವಂಥ ಉಪಾಯವನ್ನು. ದುರ್ಬಲ ನಂಜನ್ನು ಗಿಡಕ್ಕೆ ಮೊದಲೇ ಹಚ್ಚುವುದು. ಅದು ಪೂರ್ತಿ ಕೈಗೂಡಲಿಲ್ಲ. ಕೆಲವು ತಳಿಗಳಲ್ಲಿ ಆ ದುರ್ಬಲ ನಂಜೇ ಕಾಯಿಯನ್ನು ಕೆಡಿಸಿತು. ಆಮೇಲೆ ನಂಜಿನ ಮೈಹೊದಿಕೆಯನ್ನು ತಯಾರಿಸುವ ಒಂದೇ ಒಂದು ಜೀನನ್ನು ತೆಗೆದು ಪಪ್ಪಾಯಿಗೆ ಸೇರಿಸುವ ಯೋಚನೆ ಮಾಡಿದರು. ಸೇರಿಸಿದ್ದು ಹೇಗೆ? ಲೋಹದ ಅತಿಸೂಕ್ಷ್ಮ ಹುಡಿಗೆ ಆ ಜೀನನ್ನು ಲೇಪಿಸಿ, ಒಂದು ಬಗೆಯ ಕೋವಿಯಿಂದ ಪಪ್ಪಾಯಿಯ ಎಳೆ ಅಂಗಾಂಶದೊಳಕ್ಕೆ ಹೊಡೆದರು! ಬಹಳಷ್ಟು ವ್ಯರ್ಥವಾಯಿತು. ಉಳಿದವನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿ ಪರೀಕ್ಷಿಸಿದಾಗ, 1991ರಲ್ಲಿ, 55–1 ಎಂಬ ಒಂದು ಸಾಲಿನ ಗಿಡ ರೋಗಕ್ಕೆ ಜಗ್ಗದೆ ನಿಂತಿತು.

ಇದು ಕೆಲಸ ಮಾಡುವ ರೀತಿ ಕುತೂಹಲಕರ. ನಂಜು ಜೀವಕೋಶಕ್ಕೆ ನುಗ್ಗಿದಾಗ ತನ್ನನ್ನು ಬೆಳೆಸುವಂತೆ ಆಜ್ಞೆಯ ಚೀಟಿ ಕಳಿಸುತ್ತದೆ. ಗಿಡಕ್ಕೆ ಸೇರಿಸಿದ ಜೀನು ಅದೇ ತರಹದ ಚೀಟಿಯ ತುಣುಕನ್ನು ಮೊದಲೇ ಬರೆದಿಟ್ಟಿರುತ್ತದೆ. ಆದ್ದರಿಂದ ಗಿಡ ಅಂಥ ಚೀಟಿಯನ್ನು ಗುರುತು ಹಿಡಿದು ಹರಿದುಹಾಕಲು ಕಲಿತಿರುತ್ತದೆ. ನಿಜವಾದ ನಂಜು ಬಂದಾಗ ಅದರ ಚೀಟಿಯೂ ಹರಿದುಹೋಗುತ್ತದೆ.

55–1ರಿಂದ ‘ಸನ್‌ಅಪ್’ ಎಂಬ ಕೆಂಪು ತಿರುಳಿನ ತಳಿ ಬಂತು. ಆದರೆ ಪುನಾದವರಿಗೆ ಬೇಕಾಗಿದ್ದುದು ಹಳದಿ ತಿರುಳಿನದು. ಆದ್ದರಿಂದ ಸನ್‌ಅಪ್‌ಗೆ ಅವರದೇ ಕಪೋಹೊವನ್ನು ಸಂಕರ ಮಾಡಿ ‘ರೇನ್‌ಬೋ’ ತಯಾರಿಸಿದರು. 1995ರಲ್ಲಿ ಪುನಾದ ನಡುವೆಯೇ ದೊಡ್ಡ ಪ್ರಯೋಗದ ತಾಕು ಹಾಕಿದರು. ಸುತ್ತ ಹಳೆಯ ತಳಿಗಳು ಹಳದಿಯಾಗಿ ಕುಗ್ಗಿ ನಿಂತಿದ್ದಾಗ ನಡುವೆ ರೇನ್‌ಬೋ ಗಿಡಗಳು ಹಸಿರಾಗಿ ಕಾಯಿ ಹೊತ್ತು ನಿಂತವು. ಬೆಳೆಗಾರರಿಗೆ ಯಾರ ಭಾಷಣವೂ ಬೇಕಾಗಲಿಲ್ಲ.

ಬೀಜ ಬಂದದ್ದು ಬೆಳೆಗಾರರ ಸಮಿತಿಯ ಮೂಲಕ

ಸಹಕಾರಿ ಬಂಧುಗಳು ವಿಶೇಷವಾಗಿ ಗಮನಿಸತಕ್ಕ ಭಾಗ ಇದು. ಗಿಡ ಸಿದ್ಧವಾದರೂ ಅದನ್ನು ತಯಾರಿಸಲು ಬಳಸಿದ ಕೋವಿ, ಜೀನು ಮುಂತಾದವುಗಳ ಹಕ್ಕುಸ್ವಾಮ್ಯ ಬೇರೆ ಬೇರೆ ಕಂಪೆನಿ, ಸಂಸ್ಥೆಗಳ ಕೈಯಲ್ಲಿತ್ತು. ಅವರೆಲ್ಲರ ಒಪ್ಪಿಗೆ ಇಲ್ಲದೆ ಬೀಜ ಹಂಚುವಂತಿಲ್ಲ. ಒಬ್ಬೊಬ್ಬ ಬೆಳೆಗಾರ ಹೋಗಿ ಕೇಳಿದರೆ ಯಾರು ಕೊಡುತ್ತಾರೆ? ಆಗ ಪಪ್ಪಾಯಿ ಆಡಳಿತ ಸಮಿತಿ ಎಂಬ ಬೆಳೆಗಾರರದೇ ಸಂಸ್ಥೆ ಮುಂದೆ ಬಂದು ಎಲ್ಲರ ಪರವಾಗಿ ಹಕ್ಕನ್ನು ಪಡೆಯಿತು. ಅಮೆರಿಕದ ಕೃಷಿ, ಪರಿಸರ, ಆಹಾರ ಇಲಾಖೆಗಳ ಅನುಮತಿ 1996 ಮತ್ತು 1997ರಲ್ಲಿ ಸಿಕ್ಕಿತು. 1998ರ ಮೇ ತಿಂಗಳಿನಿಂದ ಬೆಳೆಗಾರರಿಗೆ ಬೀಜವನ್ನು ಉಚಿತವಾಗಿ ಹಂಚಿದರು. ಬೀಜ ಪಡೆಯುವ ಮುನ್ನ ಪ್ರತಿಯೊಬ್ಬನೂ ತಿಳಿವಳಿಕೆಯ ಪಾಠಕ್ಕೆ ಹಾಜರಾಗಿ ಷರತ್ತುಗಳಿಗೆ ಸಹಿ ಹಾಕಬೇಕಿತ್ತು.

2001ಕ್ಕೆ ಪುನಾದ ಉತ್ಪತ್ತಿ ಮರಳಿ ಸುಮಾರು 4 ಕೋಟಿ ಪೌಂಡಿಗೆ ಏರಿತು. ರೋಗದ ಉಗ್ರಾಣ ಕಡಿಮೆಯಾದ್ದರಿಂದ ಕೆಲವರು ಹಳೆಯ ಕಪೋಹೊವನ್ನೂ ಮತ್ತೆ ಬೆಳೆಯುವಂತಾಯಿತು.

ಇಲ್ಲಿಯವರೆಗೆ ಓದಿದವರು ‘ಹಾಗಾದರೆ ಇದು ಒಳ್ಳೆಯದೇ ಅಲ್ಲವೇ’ ಎಂದಾರು. ಸ್ವಲ್ಪ ತಾಳಿ. ನಾಣ್ಯದ ಇನ್ನೊಂದು ಬದಿಯೂ ಇದೆ.

ಬೆಳೆದದ್ದು ಉಳಿಯಿತು, ಮಾರುಕಟ್ಟೆ ಹೋಯಿತು

ಹವಾಯಿಯ ಪಪ್ಪಾಯಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದ ದೇಶ ಜಪಾನು. ಜಪಾನಿನವರು ಕುಲಾಂತರಿ ಹಣ್ಣನ್ನು ಒಳಗೆ ಬಿಡಲಿಲ್ಲ. ಹಳೆಯ ತಳಿಯನ್ನೇ ಬೇರೆಯಾಗಿ ಬೆಳೆದು, ಬೇರೆಯಾಗಿ ಕೊಯ್ದು, ರೇನ್‌ಬೋ ಒಂದೂ ಬೆರೆತಿಲ್ಲವೆಂದು ಪರೀಕ್ಷಿಸಿ ದಾಖಲೆ ಸಮೇತ ಕಳಿಸಬೇಕಾಯಿತು. ಅದರ ಖರ್ಚು ಬೆಳೆಗಾರನ ತಲೆಯ ಮೇಲೆಯೇ. ಜಪಾನು ರೇನ್‌ಬೋವನ್ನು ಒಪ್ಪಿದ್ದು 2011ರ ಡಿಸೆಂಬರಿನಲ್ಲಿ, ಬೀಜ ಹಂಚಿದ ಹದಿಮೂರು ವರ್ಷಗಳ ಮೇಲೆ. ಅಷ್ಟರಲ್ಲಿ ಆ ಅಂಗಡಿಗಳಲ್ಲಿ ಬೇರೆ ದೇಶದ ಹಣ್ಣು ಬಂದು ಕುಳಿತಿತ್ತು.

ನೆರೆಹೊರೆಯ ಜಗಳವೂ ಎದ್ದಿತು. ರಾಸಾಯನಿಕ ಬಳಸದೆ ಬೆಳೆಯುವವರು ತಮ್ಮ ಗಿಡದಲ್ಲೂ ಕುಲಾಂತರಿ ಬೀಜ ಸಿಕ್ಕಿತೆಂದು ದೂರಿದರು. ಪರಾಗವೂ ಬೀಜವೂ ಬೇಲಿಯನ್ನು ಕೇಳುವುದಿಲ್ಲವಷ್ಟೆ. ಕೆಲವು ರಾತ್ರಿಗಳಲ್ಲಿ ಯಾರೋ ಬಂದು ಪುನಾದ ತೋಟಗಳಲ್ಲಿ ಸಾವಿರಾರು ಪಪ್ಪಾಯಿ ಗಿಡ ಕಡಿದುಹಾಕಿದರು. 2013ರಲ್ಲಿ ಆ ದ್ವೀಪದ ಸ್ಥಳೀಯ ಆಡಳಿತ ಕುಲಾಂತರಿ ಬೆಳೆಗಳನ್ನೇ ನಿಷೇಧಿಸಿತು. ಆದರೆ ಪಪ್ಪಾಯಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆ ಶಾಸನವನ್ನು ಮುಂದಿನ ವರ್ಷ ನ್ಯಾಯಾಲಯ ರದ್ದು ಮಾಡಿತು.

ಇನ್ನೊಂದು ಮಿತಿಯೂ ಇದೆ. ರೇನ್‌ಬೋ ಹವಾಯಿಯ ನಂಜನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ತೈವಾನ್, ಥಾಯ್ಲೆಂಡ್ ಮುಂತಾದ ಕಡೆಯ ನಂಜಿನ ಬಗೆಗಳನ್ನು ಹಚ್ಚಿದಾಗ ಅದಕ್ಕೂ ರೋಗ ಬಂತು. ಚೀಟಿಯ ಅಕ್ಷರ ಬೇರೆಯಾದರೆ ಗಿಡಕ್ಕೆ ಗುರುತು ಸಿಗುವುದಿಲ್ಲ. ಅಂದರೆ ಒಂದು ಊರಿನ ಮದ್ದು ಎಲ್ಲ ಊರಿಗೂ ಮದ್ದಲ್ಲ. ‘ಹೊರದೇಶದಿಂದ ತರಿಸಿದ ರೋಗನಿರೋಧಕ ಬೀಜ’ ಎಂದು ಯಾರಾದರೂ ಮಾರಲು ಬಂದರೆ ಈ ಮಾತನ್ನು ನೆನೆಯಬೇಕು.

ಕೊನೆಗೆ ಪ್ರಕೃತಿಯ ಆಟ ನೋಡಿ: 2018ರಲ್ಲಿ ಕಿಲೌಯೆಯಾ ಜ್ವಾಲಾಮುಖಿ ಸಿಡಿದು ಕಪೋಹೊ ಕಡೆಯ ಹಲವು ಪಪ್ಪಾಯಿ ತೋಟಗಳ ಮೇಲೆ ಲಾವಾ ಹರಿಯಿತು. ನಂಜಿನಿಂದ ಉಳಿದದ್ದು ಬೆಂಕಿಯಿಂದ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಎಲ್ಲಿಗೆ ಬಂದಿದೆ?

ನಮ್ಮಲ್ಲಿ ಸಾಗುವಳಿಗೆ ಬಂದ ಕುಲಾಂತರಿ ಬೆಳೆ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯೊಂದೇ. ಅದು ಹಸಿರು ಕಾಯಿಕೊರಕವನ್ನು ತಡೆದು ಆರಂಭದಲ್ಲಿ ಔಷಧಿ ಸಿಂಪಡಣೆಯನ್ನು ಕಡಿಮೆ ಮಾಡಿತು. ಆದರೆ ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಅದಕ್ಕೆ ಪಳಗಿತು. ನಮ್ಮ ಕೆಂಟ್ಸ್ ಕಾಫಿಯ ಕಥೆಯೇ ಇಲ್ಲಿಯೂ.

ಬಿಟಿ ಬದನೆಯ ಗಲಾಟೆ ಕರಾವಳಿಯವರಿಗೆ ನೆನಪಿರಬೇಕು. ಬಿಟಿ ಜೀನ್ ಸೇರಿಸಲು ಆರಿಸಿದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅದನ್ನು ತಡೆಹಿಡಿಯಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟರೂ, 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟರು.

ಜೀನ್ ತಿದ್ದುವುದರಲ್ಲಿ ಮಾತ್ರ ಸರಕಾರ ಬೇರೆ ದಾರಿ ಹಿಡಿದಿದೆ. ಹೊರಗಿನ ಜೀನು ಉಳಿಯದ, ಇರುವುದನ್ನೇ ತಿದ್ದಿದ ಬೆಳೆಗಳಿಗೆ ಕುಲಾಂತರಿಯ ಕಠಿಣ ನಿಯಮಗಳಿಂದ 2022ರ ಮಾರ್ಚಿಯಲ್ಲಿ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು ‘ಕಮಲ’, ನಮ್ಮ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಯನ್ನು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ತಿದ್ದಿದ್ದು. ತೆನೆಯಲ್ಲಿ ಕಾಳು ಹೆಚ್ಚು, ಅವಧಿ ಸುಮಾರು 20 ದಿನ ಕಡಿಮೆ ಎಂದು ಅವರು ಹೇಳುತ್ತಾರೆ. ಇನ್ನೊಂದು, ಬರ ಮತ್ತು ಚೌಳು ತಡೆಯಲೆಂದು ದೆಹಲಿಯ ಪೂಸಾ ಸಂಸ್ಥೆಯವರು ತಯಾರಿಸಿದ ತಳಿ. ಆದರೆ ಘೋಷಣೆಯಾದ ಮಾತ್ರಕ್ಕೆ ಬೀಜ ಅಂಗಡಿಗೆ ಬಂದಂತಲ್ಲ. ತಿದ್ದುವ ಕತ್ತರಿಯ ಹಕ್ಕುಸ್ವಾಮ್ಯ ಹೊರದೇಶದವರ ಕೈಯಲ್ಲಿದೆ. ಅದರ ಶುಲ್ಕ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ರೈತ ಸಂಘಟನೆಗಳು ಕೇಳಿಯೇ ಕೇಳಬೇಕು.

ಕಾಫಿಗೆ? ಅಡಿಕೆಗೆ?

ಕಾಫಿಯಲ್ಲಿ ಪ್ರಯೋಗಗಳು ನಡೆದಿವೆ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ 2000ದಲ್ಲಿ ಎಲೆ ಕೊರೆಯುವ ಹುಳುವನ್ನು ತಡೆಯುವ ಬಿಟಿ ರೋಬಸ್ಟಾ ಗಿಡಗಳನ್ನು ನೆಟ್ಟು ನೋಡಿದರು. ಹೆಚ್ಚಿನ ಗಿಡಗಳು ಹುಳುವನ್ನು ತಡೆದವು. ಆದರೆ 2004ರಲ್ಲಿ ಯಾರೋ ತಾಕನ್ನೇ ನಾಶಮಾಡಿದರು. ಜಪಾನಿನ ವಿಜ್ಞಾನಿಗಳು 2003ರಲ್ಲಿ ಕೆಫೀನ್ ಬಹಳ ಕಡಿಮೆ ಇರುವ ರೋಬಸ್ಟಾ ಸಸಿಗಳನ್ನು ಬೆಳೆಸಿ ತೋರಿಸಿದರು. 2018ರಲ್ಲಿ ಫ್ರಾನ್ಸಿನವರು ರೋಬಸ್ಟಾದ ಜೀನನ್ನು ಕ್ರಿಸ್ಪರ್ ಕತ್ತರಿಯಿಂದ ತಿದ್ದಬಹುದೆಂದು ತೋರಿಸಿದರು. ಇವೆಲ್ಲ ದಾರಿ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ತೋಟಕ್ಕೆ ಬಂದ ಸಸಿಗಳಲ್ಲ. ನಮ್ಮ ದೇಶದಲ್ಲಿ ಬೆಳೆಗಾರರಿಗಾಗಿ ಬಿಡುಗಡೆಯಾದ ಕುಲಾಂತರಿ ಅಥವಾ ಜೀನ್ ತಿದ್ದಿದ ಕಾಫಿಯಾಗಲಿ ಅಡಿಕೆಯಾಗಲಿ ಒಂದೂ ಇಲ್ಲ.

ಬಿಳಿ ಕಾಂಡಕೊರಕ ಅರೇಬಿಕಾವನ್ನು ಬುಡದಿಂದಲೇ ತಿನ್ನುತ್ತಿರುವಾಗ ಅದನ್ನು ತಡೆಯುವ ಗಿಡ ಬಂದರೆ ಯಾರಿಗೆ ಬೇಡ? ಆದರೆ ನಮ್ಮ ಕಾಫಿಯ ಬಹುಪಾಲು ಹೋಗುವುದು ಹೊರದೇಶಕ್ಕೆ, ಅದರಲ್ಲೂ ಇಟಲಿ, ಜರ್ಮನಿ ಮುಂತಾದ ಯುರೋಪು ದೇಶಗಳಿಗೆ. ಕುಲಾಂತರಿ ಆಹಾರದ ವಿಷಯದಲ್ಲಿ ಅಲ್ಲಿಯವರು ಬಹಳ ಕಟ್ಟುನಿಟ್ಟು. ಪುನಾದವರಿಗೆ ಜಪಾನು ಬಾಗಿಲು ಹಾಕಿದ ಹಾಗೆ ನಮಗೂ ಆಗಬಾರದೆಂದರೆ, ಗಿಡ ನೆಡುವ ಮೊದಲೇ ಕೊಳ್ಳುವವನ ಮಾತು ಕೇಳಬೇಕು.

ಅಡಿಕೆಯ ಕಷ್ಟ ಇನ್ನೂ ಹೆಚ್ಚು. ಹಳದಿ ಎಲೆ ರೋಗಕ್ಕೆ ಕಾರಣ ಪಪ್ಪಾಯಿಯದರಂಥ ನಂಜಲ್ಲ, ಫೈಟೋಪ್ಲಾಸ್ಮಾ ಎಂಬ ಬೇರೆ ತರಹದ ಸೂಕ್ಷ್ಮಜೀವಿ. ಆದ್ದರಿಂದ ಪಪ್ಪಾಯಿಯ ಉಪಾಯವನ್ನು ಇಲ್ಲಿಗೆ ಎತ್ತಿ ತರಲಾಗದು. ಯಾವ ಜೀನನ್ನು ತಿದ್ದಬೇಕೆಂದು ಗೊತ್ತಿಲ್ಲದೆ ಕತ್ತರಿ ಇದ್ದು ಏನು ಮಾಡುವುದು? ಪಪ್ಪಾಯಿ ಒಂದು ವರ್ಷದೊಳಗೆ ಕಾಯಿ ಬಿಡುತ್ತದೆ. ಅಡಿಕೆಯ ಫಲ ನೋಡಲು ಐದಾರು ವರ್ಷ ಬೇಕು. ಒಮ್ಮೆ ತಪ್ಪು ಸಸಿ ನೆಟ್ಟರೆ ಮಕ್ಕಳ ಕಾಲದವರೆಗೆ ಅನುಭವಿಸಬೇಕು.

ಆದರೂ ಬೆಳಕಿನ ಒಂದು ಕಿರಣವಿದೆ. ರೋಗ ತೀವ್ರವಾಗಿರುವ ಸುಳ್ಯ, ಶೃಂಗೇರಿ, ಕೊಪ್ಪದ ತೋಟಗಳಲ್ಲಿಯೂ ಸುತ್ತಲಿನ ಮರಗಳೆಲ್ಲ ಹಳದಿಯಾದರೂ ಒಂದೊಂದು ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿರುವುದನ್ನು ನೋಡಿದ್ದೇವೆ. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅಂಥ ಮರಗಳನ್ನೇ ಹುಡುಕಿ, ಪರೀಕ್ಷಿಸಿ, ಅವುಗಳಿಂದ ಸಂತಾನ ಬೆಳೆಸುವ ಕೆಲಸದಲ್ಲಿದ್ದಾರೆ. ಮುಂದೆ ಸಂಕರದಿಂದಲೇ ಆಗಲಿ, ಜೀನ್ ತಿದ್ದಿಯೇ ಆಗಲಿ ನಿರೋಧಕ ತಳಿ ಬರುವುದಾದರೆ ಅದರ ಬೀಜಾಕ್ಷರ ಅಂಥ ಮರದಲ್ಲೇ ಇರುವ ಸಂಭವವಿದೆ. ಆ ಮರ ಪ್ರಯೋಗಶಾಲೆಯಲ್ಲಿಲ್ಲ, ನಮ್ಮ ನಿಮ್ಮ ತೋಟದಲ್ಲಿದೆ.

ಬೆಳೆಗಾರರು ಮಾಡತಕ್ಕದ್ದೇನು?

1. ‘ಜೀನ್ ಬದಲಾಯಿಸಿದ’ ಅಡಿಕೆ, ಕಾಫಿ, ಕಾಳುಮೆಣಸಿನ ಸಸಿ ಎಂದು ಯಾರೇ ಬಂದರೂ ಮುಂಗಡ ಕೊಡಬೇಡಿ. ಅನುಮತಿ ಇಲ್ಲದ ಕುಲಾಂತರಿ ಸಸಿಯನ್ನು ಮಾರುವುದೂ ನೆಡುವುದೂ ಕಾನೂನಿಗೆ ವಿರುದ್ಧ. ಸಂಘದ ಕಛೇರಿಗೆ ಬಂದು ವಿಚಾರಿಸಿ.

2. ರೋಗದ ತೋಟದಲ್ಲಿ ಹಸಿರಾಗಿ ಉಳಿದ ಮರವಿದ್ದರೆ ಕಡಿಯಬೇಡಿ. ಸುಣ್ಣದ ಪಟ್ಟಿ ಹಾಕಿ ಗುರುತು ಮಾಡಿ. ಯಾವ ವರ್ಷದಿಂದ ಹಾಗಿದೆ, ಎಷ್ಟು ಗೊನೆ ಬರುತ್ತಿದೆ ಎಂದು ಬರೆದಿಟ್ಟು ಸಂಶೋಧನಾ ಕೇಂದ್ರದವರಿಗೆ ತಿಳಿಸಿ. ಕೆಂಟ್ ಅವರು 1911ರಲ್ಲಿ ಮಾಡಿದ್ದು ಇಷ್ಟನ್ನೇ.

3. ಸೊರಗಿದ ತೋಟವನ್ನು ಹಾಳು ಬಿಡಬೇಡಿ. ಪುನಾದಲ್ಲಿ ಬಿಟ್ಟುಹೋದ ತೋಟಗಳೇ ನೆರೆಯವರನ್ನು ಮುಳುಗಿಸಿದವು. ಬಸಿಗಾಲುವೆ, ಗೊಬ್ಬರ, ಕಾಲಕ್ಕೆ ಸರಿಯಾಗಿ ಬೋರ್ಡೋ ಸಿಂಪಡಣೆ — ಯಾವ ಹೊಸ ತಳಿ ಬಂದರೂ ಇವು ತಪ್ಪಿದ್ದಲ್ಲ.

4. ತೋಟ ಪೂರ್ತಿ ಒಂದೇ ತಳಿ ನೆಡಬೇಡಿ. ಒಂದು ಸೋತರೆ ಇನ್ನೊಂದು ಕೈಹಿಡಿಯಬೇಕು.

5. ಹೊಸ ತಳಿ ಬರುವುದೆಂದಾದರೆ ಮೂರು ಪ್ರಶ್ನೆ ಕೇಳಿ: ಇದರ ಹಕ್ಕು ಯಾರದು? ಇದರ ಫಸಲನ್ನು ಕೊಳ್ಳುವವರು ಒಪ್ಪಿದ್ದಾರೆಯೇ? ನಮ್ಮ ಸೀಮೆಯ ರೋಗದ ಎದುರು ನಮ್ಮ ಮಣ್ಣಿನಲ್ಲೇ ಪರೀಕ್ಷಿಸಿದ್ದಾರೆಯೇ?

ಈ ಮೂರು ಪ್ರಶ್ನೆಗಳನ್ನು ಒಬ್ಬನೇ ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ಸಂಘವೇ ಕೇಳಿದರೆ ಉತ್ತರಿಸಲೇಬೇಕಾಗುತ್ತದೆ. ಪುನಾದವರಿಗೆ ಬೀಜ ಉಚಿತವಾಗಿ ಸಿಕ್ಕಿದ್ದು ವಿಜ್ಞಾನದ ಬಲದಿಂದ ಮಾತ್ರವಲ್ಲ; ಅವರೆಲ್ಲ ಒಂದಾಗಿ ಒಂದು ಸಮಿತಿಯ ಹೆಸರಿನಲ್ಲಿ ಹೋಗಿ ಕೇಳಿದ್ದರಿಂದ.

ಆ ಹಿರಿಯ ಸದಸ್ಯರು ಮುಂಗಡ ಕೊಡಲಿಲ್ಲ. ಮರುವಾರ ಬಂದಾಗ ತಮ್ಮ ತೋಟದ ಕೆಳಗಿನ ಸಾಲಿನಲ್ಲಿ ಎರಡು ಮರಗಳು ಇನ್ನೂ ಹಸಿರಾಗಿವೆ, ಸುಣ್ಣ ಹಚ್ಚಿ ಬಂದಿದ್ದೇನೆ ಎಂದರು. ಅವುಗಳ ವಿವರವನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ನಿಮ್ಮ ತೋಟದಲ್ಲೂ ಅಂಥವು ಇದ್ದರೆ ಮುಂದಿನ ಸಲ ತೂಕಕ್ಕೆ ಬರುವಾಗ ತಿಳಿಸುವಿರಾಗಿ ವಿನಂತಿ.